ಮಿರಜಿನಲ್ಲಿ ನಾನು ತಿರುಚಿದ ಮಾತು

ಡಾಕ್ಟರು ಮರಾಠಿಯಲ್ಲಿ ಹೇಳಿದ್ದನ್ನು ನಾನು ಕನ್ನಡದಲ್ಲಿ ಸುಳ್ಳು ಮಾಡಿ ಹೇಳಿದೆ. ‘ಈ ಹುಡುಗಿಯನ್ನು ಆಡಿಸಬೇಡಿ’ ಎಂದು ಅವರು ಅಂದರು. ‘ಆಡಬಹುದಂತೆ’ ಎಂದು ನಾನು ಅವಳ ತಾಯಿಗೆ ಹೇಳಿದೆ. ನನ್ನ ಬಾಯಿ ತಡವರಿಸಲಿಲ್ಲ. ಇದನ್ನು ಮೊದಲು ಬರೆದುಬಿಡುತ್ತೇನೆ, ಯಾಕೆಂದರೆ ಮುಂದೆ ನಾನು ಬರೆಯುವ ಯಾವ ಮಾತಾದರೂ ಇದನ್ನು ತುಸು ಸಣ್ಣದು ಮಾಡಿಬಿಡಬಹುದು ಎಂಬ ಅನುಮಾನ ನನಗೇ ಇದೆ.

ಹುಡುಗಿಯ ಹೆಸರು ಮಾಯವ್ವ. ಆಗ ಅವಳು ಹತ್ತನೇ ತರಗತಿ. ನಾನು ರಾಯಬಾಗ ತಾಲೂಕಿನ ಒಂದು ಖಾಸಗಿ ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಣ ಶಿಕ್ಷಕಿ, ಹುಡುಗಿಯರ ವಾಲಿಬಾಲ್ ತಂಡದ ಕೋಚ್. ಇಂದಿಗೂ ಅಲ್ಲಿಯೇ ಇದ್ದೇನೆ — ಈ ಬರಹ ಅಚ್ಚಾಗುವ ಹೊತ್ತಿಗೆ ಇರುತ್ತೇನೋ ಇಲ್ಲವೋ ಗೊತ್ತಿಲ್ಲ. ಆ ಮಾತು ಆಮೇಲೆ.

ನನ್ನೂರು ನಿಪ್ಪಾಣಿ. ನಮ್ಮವ್ವ ಬೀಡಿ ಕಟ್ಟುತ್ತಿದ್ದಳು. ಮನೆಯಲ್ಲಿ ಕನ್ನಡ, ಓಣಿಯಲ್ಲಿ ಮರಾಠಿ. ಯಾವುದು ಮೊದಲು ಕಲಿತೆನೆಂದು ನನಗೆ ನೆನಪಿಲ್ಲ. ಹುಡುಗಿಯರು ಆಡುವುದೇ ಇಲ್ಲದ ಮೈದಾನದಲ್ಲಿ ಹುಡುಗರ ಜೊತೆ ಆಡಿ ಬೆಳೆದವಳು ನಾನು. ನನ್ನ ಕೋಚ್ ನನ್ನನ್ನು ಮುರಿದ ಕಿರುಬೆರಳಿನಲ್ಲೇ ಎರಡು ಪಂದ್ಯ ಆಡಿಸಿದ್ದರು. ಆ ಬೆರಳು ಈಗಲೂ ಸೊಟ್ಟಗಿದೆ. ಹಿಂದೆಲ್ಲ ಇದನ್ನು ನಾನು ಹೆಮ್ಮೆಯಿಂದ ತೋರಿಸುತ್ತಿದ್ದೆ. ಈಗ ಇದನ್ನು ಹೇಳುತ್ತಿರುವುದು ನನ್ನ ಪರವಾಗಿ ಸಾಕ್ಷಿ ಹೇಳಿಸಲು ಅಲ್ಲ. ನೋವೇನೆಂದು ನನಗೆ ಗೊತ್ತಿತ್ತು. ಗೊತ್ತಿದ್ದವಳೇ ಮಾಡಿದೆ — ಅಷ್ಟಕ್ಕೆ.

ಮಾಯವ್ವ ಮುಗಳಖೋಡದ ಹತ್ತಿರ, ಊರ ಹೊರಗೆ ತೋಟದಲ್ಲಿರುವ ವಸ್ತಿಯವಳು. ಅವರದು ಕುರಿ ಕಾಯುವ ಮನೆತನ. ತಂದೆ ವರ್ಷದ ಅರ್ಧ ಭಾಗ ಹಿಂಡಿನ ಹಿಂದೆ ಕೃಷ್ಣಾ ನದಿಯಾಚೆಯ ಮರಾಠಿ ಊರುಗಳಲ್ಲಿ ಇರುತ್ತಿದ್ದ. ನಾನು ಅವಳನ್ನು ಮೊದಲು ನೋಡಿದ್ದು ಮೈದಾನದಲ್ಲಲ್ಲ. ರಸ್ತೆ ಬದಿಯ ಜಾಲಿ ಮರದ ಕೆಳಗೆ ನಿಂತು, ಜಿಗಿದು ಕೊಂಬೆ ಹಿಡಿದೆಳೆದು, ಆಡುಗಳಿಗೆ ಕಾಯಿ ಉದುರಿಸುತ್ತಿದ್ದಳು. ಕೊಂಬೆ ಬಹಳ ಎತ್ತರದಲ್ಲಿತ್ತು. ನಾನು ಗಾಡಿ ನಿಲ್ಲಿಸಿದೆ. ಅವಳು ಮತ್ತೆ ಜಿಗಿದಳು. ಓಡಿ ಬಂದು ಹಾರಿದ್ದಲ್ಲ, ನಿಂತಲ್ಲಿಂದಲೇ. ಕೋಚ್ ಆದವರಿಗೆ ಗೊತ್ತಿರುತ್ತದೆ, ಅಂಥ ಜಿಗಿತ ಕಂಡಾಗ ಮನಸ್ಸಿನಲ್ಲಿ ಏಳುವುದು ಪ್ರೀತಿ ಅಲ್ಲ. ಆಸೆ. ಹಸಿವಿನಂಥ ಆಸೆ.

ಅವಳ ತಾಯಿ ಬಾಳವ್ವ ಸುಲಭಕ್ಕೆ ಒಪ್ಪಲಿಲ್ಲ. ಚಡ್ಡಿ ಹಾಕಿ ಊರೂರು ತಿರುಗುವ ಆಟ ನಮ್ಮಂಥವರಿಗಲ್ಲ ಎಂದಳು. ನಾಲ್ಕು ಸಲ ವಸ್ತಿಗೆ ಹೋದೆ. ನಾಲ್ಕನೇ ಸಲ ಹೊಸ್ತಿಲಲ್ಲಿ ಕೂತು ಅವಳ ಕೈ ಹಿಡಿದು ಹೇಳಿದೆ —

“ಬಾಳವ್ವ, ನಿಮ್ಮ ಮಗಳನ್ನ ನನ್ನ ಕೈಯಾಗ ಕೊಡ್ರಿ. ನನ್ನ ಮಗಳಂಗ ನೋಡ್ಕೋತೀನಿ.”

ಕೊನೆಗೆ ಅವಳು, “ಅಕ್ಕೋರು ಅಂದಮ್ಯಾಗ ಆತ್ರಿ” ಎಂದಳು. ನಮ್ಮ ಕಡೆ ಶಿಕ್ಷಕಿಯರಿಗೆ ಅಕ್ಕೋರು ಎನ್ನುತ್ತಾರೆ. ಅಕ್ಕ ಎಂಬ ಮಾತು ಅದರಲ್ಲಿದೆ. ನಾನು ಆ ಮಾತನ್ನು ಅಂದು ಯೋಚಿಸದೆ ಒಪ್ಪಿಕೊಂಡೆ.

ಎರಡೇ ವರ್ಷದಲ್ಲಿ ಅವಳು ತಾಲೂಕಿನಲ್ಲೇ ಮನೆಮಾತಾದಳು. ಲಿಫ್ಟರ್ ಚೆಂಡನ್ನು ಎಲ್ಲಿಗೆ ಎತ್ತಿದರೂ ಮಾಯವ್ವನ ಕೈ ಅಲ್ಲಿರುತ್ತಿತ್ತು. ಹತ್ತನೇ ತರಗತಿಯ ವರ್ಷ ನಮ್ಮ ತಂಡ ಮೊದಲ ಬಾರಿಗೆ ವಿಭಾಗ ಮಟ್ಟದ ಫೈನಲ್ ಮುಟ್ಟಿತು. ಫೈನಲ್ ಅಥಣಿಯಲ್ಲಿ. ಗೆದ್ದರೆ ರಾಜ್ಯಮಟ್ಟ. ನನ್ನದು ಆಗ ಪ್ರೊಬೇಶನ್ನಿನ ಕೊನೆಯ ವರ್ಷ. ಸಂಸ್ಥೆಯ ಚೇರ್ಮನ್ನರು ಸ್ಟಾಫ್ ರೂಮಿಗೆ ಬಂದು, ಎಲ್ಲರ ಮುಂದೆ, “ಟೀಚರ್, ಕಪ್ ತಗೊಂಡ ಬರ್ರಿ. ಬಾಕಿದ್ದು ನಮಗ ಬಿಡ್ರಿ” ಎಂದಿದ್ದರು.

ಫೈನಲ್ಲಿಗೆ ಹನ್ನೊಂದು ದಿನ ಇರುವಾಗ ಪ್ರಾಕ್ಟೀಸಿನಲ್ಲಿ ಅವಳ ಬಲ ಮೊಣಕಾಲು ತಿರುಗಿತು. ಮರುದಿನ ಬೆಳಗಿನ ಹೊತ್ತಿಗೆ ಬಾತು ಕುಂಬಳಕಾಯಿ ಆಗಿತ್ತು. ಮೂರನೇ ದಿನವೂ ಇಳಿಯಲಿಲ್ಲ. ನಾನೇ ಅವಳನ್ನೂ ಬಾಳವ್ವನನ್ನೂ ಕರೆದುಕೊಂಡು ರಾಯಬಾಗದಲ್ಲಿ ರೈಲು ಹತ್ತಿದೆ. ನಮ್ಮ ಭಾಗದವರು ಎಲುಬಿನ ತೊಂದರೆ ಎಂದರೆ ಮಿರಜಿಗೇ ಹೋಗುವುದು. ಕುಡಚಿ ದಾಟಿ ಕೃಷ್ಣೆಯ ಸೇತುವೆ ಬಂದಾಗ ಮಾಯವ್ವ ಕಿಟಕಿಯಿಂದ ಹೊಳೆಗೆ ಕೈ ಮುಗಿದಳು. ರೈಲು ಹತ್ತಿದ್ದು ಅದೇ ಮೊದಲಂತೆ.

ಡಾಕ್ಟರು ವಯಸ್ಸಾದವರು, ಸಾವಧಾನದ ಮನುಷ್ಯ. ಸ್ಕ್ಯಾನ್ ಮಾಡಿಸಿ, ಫಿಲ್ಮನ್ನು ಬೆಳಕಿಗೆ ಹಿಡಿದು, ನಮ್ಮ ಮೂವರ ಕಡೆಗೂ ನೋಡುತ್ತ ಮರಾಠಿಯಲ್ಲಿ ಹೇಳಿದರು —

“ಹಿಲಾ ಆತಾ ಖೇಳವೂ ನಕಾ. ಸಹಾ ಮಹಿನೇ ಗ್ರೌಂಡ್ ನಾಹೀ.”

ಇವಳನ್ನು ಈಗ ಆಡಿಸಬೇಡಿ. ಆರು ತಿಂಗಳು ಮೈದಾನ ಬೇಡ. ಮೊಣಕಾಲಿನ ಒಳಗಿನ ನಾರು ಅರ್ಧ ಹರಿದಿದೆ, ಸುಮ್ಮನಿದ್ದು ವ್ಯಾಯಾಮ ಮಾಡಿದರೆ ಕೂಡಿಕೊಂಡೀತು, ಈಗ ಜಿಗಿದರೆ ಪೂರ್ತಿ ಹೋಗುತ್ತದೆ — ಇಷ್ಟನ್ನೂ ಬಿಡಿಸಿ ಹೇಳಿದರು. ಒಳ್ಳೆಯ ಡಾಕ್ಟರು. ಅವರದು ಒಂದಿನಿತೂ ತಪ್ಪಿಲ್ಲ.

ಬಾಳವ್ವನಿಗೂ ಮಾಯವ್ವನಿಗೂ ಮರಾಠಿ ಬರುತ್ತಿರಲಿಲ್ಲ. ನದಿಯಾಚೆ ತಿರುಗುವ ತಂದೆಗೆ ಬರುತ್ತಿತ್ತು, ಆದರೆ ಅವನು ಆ ಹೊತ್ತು ಹಿಂಡಿನ ಹಿಂದೆ ಎಲ್ಲೋ ಇದ್ದ. ಬಾಳವ್ವ ನನ್ನ ಮುಖ ನೋಡಿದಳು.

“ಏನಂತಾರ್ರೀ ಅಕ್ಕೋರ?”

ಹೇಳುವುದಕ್ಕೆ ನನಗೆ ಎಷ್ಟು ಹೊತ್ತು ಸಿಕ್ಕಿತು? ಒಂದು ಉಸಿರು. ಆ ಒಂದು ಉಸಿರಿನಲ್ಲಿ ನಾನು ಏನೇನು ಯೋಚಿಸಿದೆ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಅಥಣಿ. ಕಪ್. ಚೇರ್ಮನ್ನರ ಮಾತು. ಮತ್ತೆ — ಇದೇ ನಾಚಿಕೆಯದು — ಮಾಯವ್ವ ಇಲ್ಲದ ತಂಡ ಅಂಕಣದಲ್ಲಿ ಹೇಗೆ ಕಾಣುತ್ತದೆ ಎಂಬ ಚಿತ್ರ. ಅವಳ ಮೊಣಕಾಲಿನ ಚಿತ್ರ ಮಾತ್ರ ಬರಲಿಲ್ಲ.

“ಏನೂ ಆಗಿಲ್ಲಂತ ಬಾಳವ್ವ. ಉಳುಕೈತಿ. ಪಟ್ಟಿ ಕಟ್ಟಿ ಆಡಬಹುದಂತ.”

ಡಾಕ್ಟರು ತಲೆಯಾಡಿಸಿದರು. ನಾನು ಅವರ ಮಾತನ್ನೇ ಹೇಳುತ್ತಿದ್ದೇನೆ ಎಂದು ಅವರು ತಿಳಿದಿದ್ದರು. ಬಾಳವ್ವ ಅವರಿಗೆ ಎರಡೂ ಕೈ ಜೋಡಿಸಿದಳು. ರಿಪೋರ್ಟಿನ ಕಾಗದವನ್ನು ನಾನು ಮಡಚಿ ನನ್ನ ಬ್ಯಾಗಿಗೆ ಹಾಕಿಕೊಂಡೆ.

ಫೈನಲ್ಲಿನ ಹಿಂದಿನ ದಿನ ಮಾಯವ್ವ ನನ್ನ ಹತ್ತಿರ ಬಂದಳು. “ಟೀಚರ್, ಜಿಗಿದ ಇಳಿಯೋ ಮುಂದ ಒಳಗ ಏನೋ ಸರದಂಗ ಆಗ್ತೈತ್ರಿ” ಎಂದಳು. ಅವಳು ದೂರುತ್ತಿರಲಿಲ್ಲ. ಕೇಳುತ್ತಿದ್ದಳು. ಇದು ಸರಿಯೋ ಅಲ್ಲವೋ ನೀವು ಹೇಳಿ ಎಂದು, ಬಲ್ಲವರನ್ನು ಕೇಳುವ ಹಾಗೆ.

“ಅದು ಕಾಲಾಗ ಇಲ್ಲ ಮಾಯವ್ವ, ತಲ್ಯಾಗ ಐತಿ. ಅಂಜಿಕಿ ಅದು. ತಗದ ಒಗಿ” ಎಂದೆ.

ಅವಳು “ಹೂಂ ರೀ” ಎಂದು ನಕ್ಕಳು. ತೆಗೆದು ಒಗೆದಳು. ನಾನು ಹೇಳಿದ್ದನ್ನೆಲ್ಲ ಮಾಡುವ ಹುಡುಗಿ ಅವಳು.

ಐದನೇ ಸೆಟ್ಟಿನವರೆಗೆ ಪಂದ್ಯ ಹೋಯಿತು. ಅದರ ಕೊನೆಯಲ್ಲಿ ನಾವು ಒಂದು ಪಾಯಿಂಟ್ ಮುಂದಿದ್ದೆವು, ಗೆಲ್ಲಲು ಇನ್ನೂ ಎರಡು ಬೇಕಿತ್ತು. ಚೆಂಡು ನೆಟ್ಟಿನ ಮೇಲೆ ಎದ್ದಿತು, ಮಾಯವ್ವ ಎದ್ದಳು, ಹೊಡೆದಳು. ಚೆಂಡು ಗೆರೆಯ ಒಳಗೆ ಬಿತ್ತು. ಜನ ಕೂಗಿದರು. ನಾನು ಎರಡೂ ಕೈ ಮೇಲೆತ್ತಿದೆ. ಅವಳು ನೆಲದ ಮೇಲೆ ಬಿದ್ದು ಮೊಣಕಾಲು ಹಿಡಿದುಕೊಂಡು ಕೂಗುತ್ತಿದ್ದಾಳೆ ಎಂದು ನಾನು ನೋಡಿದ್ದು ಆಮೇಲೆ. ಮೊದಲು ನೋಡಿದ್ದು ಚೆಂಡನ್ನು.

ಅವಳ ಬದಲು ಇನ್ನೊಬ್ಬಳನ್ನು ಇಳಿಸಿದೆ. ಉಳಿದ ಹುಡುಗಿಯರು ಅಳುತ್ತಲೇ ಆಡಿದರು. ಗೆದ್ದೆವು. ಕಪ್ಪಿನ ಜೊತೆಗಿನ ಫೋಟೋದಲ್ಲಿ ಹನ್ನೊಂದು ಹುಡುಗಿಯರು ಮತ್ತು ನಾನು ಇದ್ದೇವೆ. ಹನ್ನೆರಡನೆಯವಳು ಆ ಹೊತ್ತು ಜೀಪಿನ ಹಿಂದಿನ ಸೀಟಿನಲ್ಲಿ, ಆಟ ನೋಡಲು ಬಂದಿದ್ದ ತಾಯಿಯ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಳು.

ಆಪರೇಷನ್ ಬೇರೊಂದು ಊರಿನಲ್ಲಿ ಆಯಿತು. ಅಲ್ಲಿಯ ಡಾಕ್ಟರು, ಹಿಂದೆ ಸ್ಕ್ಯಾನ್ ಆಗಿತ್ತೇ, ರಿಪೋರ್ಟ್ ಇದೆಯೇ ಎಂದು ಕೇಳಿದರು. “ಎಲ್ಲೋ ಕಳದೈತ್ರಿ, ಬರೇ ಉಳುಕು ಅಂದಿದ್ರು” ಎಂದೆ. ಕಾಗದ ಅದೇ ಬ್ಯಾಗಿನಲ್ಲಿತ್ತು, ನನ್ನ ಭುಜದ ಮೇಲೆ. ಮಾಯವ್ವನ ಮೊಣಕಾಲು ಮತ್ತೆ ಪೂರ್ತಿ ಮಡಚಲಿಲ್ಲ. ಪರೀಕ್ಷೆಗೆ ಕೂತಳು, ಪಾಸಾದಳು, ಶಾಲೆ ಬಿಟ್ಟಳು. ನನ್ನ ನೌಕರಿ ಕಾಯಂ ಆಯಿತು.

ಇಲ್ಲಿಗೇ ನಿಂತಿದ್ದರೂ ಸಾಕಾಗಿತ್ತು. ನಿಲ್ಲಲಿಲ್ಲ. ಜನ ‘ಏನಾಯಿತು ಆ ಹುಡುಗಿಗೆ’ ಎಂದಾಗ ಏನಾದರೂ ಹೇಳಬೇಕಿತ್ತಲ್ಲ — ಇಳಿಯುವಾಗ ತಪ್ಪಿದಳು, ಒಂಟಿ ಕಾಲ ಮೇಲೆ ಇಳಿದಳು, ಎಷ್ಟು ಹೇಳಿದರೂ ಕೇಳಲಿಲ್ಲ ಎಂದೆ. ಮೊದಲು ಚೇರ್ಮನ್ನರಿಗೆ, ಆಮೇಲೆ ಶಾಲೆಗೆ, ಆಮೇಲೆ ಅವಳ ತಂದೆ ಹಿಂಡಿನಿಂದ ತಿರುಗಿ ಬಂದಾಗ ಅವನಿಗೂ. ಪ್ರತಿ ವರ್ಷ ಹೊಸ ಹುಡುಗಿಯರು ಬಂದರು. ಜಿಗಿತ ಕಲಿಸುವ ಮೊದಲ ದಿನ ನಾನು ಹೇಳುತ್ತಿದ್ದೆ: “ಮಾಯವ್ವನಂಗ ಇಳೀಬ್ಯಾಡ್ರಿ.” ಹನ್ನೊಂದು ವರ್ಷ ಹೇಳಿದೆ. ಅವಳನ್ನು ಕಣ್ಣಿಂದ ನೋಡದ ಹುಡುಗಿಯರ ಬಾಯಲ್ಲಿ ಅವಳ ಹೆಸರು ಒಂದು ತಪ್ಪಿನ ಹೆಸರಾಯಿತು. ನಾನು ಮಾಡಿದ ತಪ್ಪಿಗೆ ಅವಳ ಹೆಸರಿಟ್ಟೆ.

ಹನ್ನೊಂದು ವರ್ಷ ನಾನು ಒಳಗೊಳಗೆ ಬೆಂದೆ, ನಿದ್ದೆಗೆಟ್ಟೆ ಎಂದು ಬರೆಯಬೇಕು ಅನಿಸುತ್ತದೆ. ಸುಳ್ಳಾಗುತ್ತದೆ. ಹೆಚ್ಚಿನ ದಿನ ಚೆನ್ನಾಗಿಯೇ ಇದ್ದೆ. ಉಂಡೆ, ನಕ್ಕೆ, ಇನ್ನೂ ಎರಡು ಕಪ್ ತಂದೆ. ಮನುಷ್ಯರಿಗೆ ಇದು ಸಾಧ್ಯವಾಗುತ್ತದೆ, ಅದೇ ಭಯ.

ಈ ವರ್ಷ ಜೂನ್ ಕಳೆದ ಮೇಲೆ ಒಂದು ಸಂಜೆ. ನಮ್ಮ ತಂಡದಲ್ಲಿ ಸಾನಿಕಾ ಎಂಬ ಹುಡುಗಿ ಇದ್ದಾಳೆ. ಒಂಬತ್ತನೇ ತರಗತಿ, ಕಾಗವಾಡ ಕಡೆಯಿಂದ ಬಂದು ಇಲ್ಲಿ ಕಬ್ಬಿನ ತೋಟ ಮಾಡಿಕೊಂಡವರ ಮಗಳು. ತಂಡದಲ್ಲಿ ಎಲ್ಲರಿಗಿಂತ ಜೋರಾಗಿ ಹೊಡೆಯುವವಳು. ಪ್ರಾಕ್ಟೀಸ್ ಮುಗಿದ ಮೇಲೆ ಅವಳು ನಲ್ಲಿಯ ಹಿಂದೆ ಕೂತು ಬೂಟು ಬಿಚ್ಚುತ್ತಿದ್ದಳು. ಕಾಲುಚೀಲ ಇಳಿಸಿದಾಗ ನೋಡಿದೆ — ಕಾಲಗಿಣ್ಣಿನ ಮೇಲಿನವರೆಗೂ ನೀಲಿಗಟ್ಟಿತ್ತು.

“ಎಷ್ಟ ದಿನಾ ಆತು?”

“ಹದಿನೈದ ದಿನಾ ಆತ್ರಿ.”

“ಯಾಕ ಹೇಳಲಿಲ್ಲ ನನಗ?”

ಅವಳು ತಲೆ ತಗ್ಗಿಸಿದಳು. “ಹೇಳಿದ್ರ ನೀವು, ಮಾಯವ್ವನಂಗ ಇಳದಿ ಅಂತೀರಿ ಅಂತ ಅಂಜಿಕಿ ಬಂತ್ರಿ.”

ನಾನು ಅಲ್ಲಿಯೇ, ಒದ್ದೆ ಕಲ್ಲಿನ ಮೇಲೆ ಕೂತೆ. ಹನ್ನೊಂದು ವರ್ಷ ನಾನು ಆಟ ಕಲಿಸುತ್ತಿದ್ದೇನೆ ಎಂದುಕೊಂಡಿದ್ದೆ. ನೋವನ್ನು ಮುಚ್ಚಿಡುವುದನ್ನು ಕಲಿಸುತ್ತಿದ್ದೆ. ಮಿರಜಿನ ಆ ಸುಳ್ಳು ಮಿರಜಿನಲ್ಲೇ ಮುಗಿದಿರಲಿಲ್ಲ, ಅದು ವರ್ಷ ವರ್ಷ ಹೊಸ ಹುಡುಗಿಯರ ಕಾಲಿಗೆ ಇಳಿಯುತ್ತ ಬಂದಿತ್ತು.

ಮರುದಿನ ಭಾನುವಾರ. ಹಳೆಯ ಕಾಗದ ಹುಡುಕಿ ತೆಗೆದುಕೊಂಡು ಶೇಡಬಾಳಕ್ಕೆ ಹೋದೆ. ಮಾಯವ್ವನನ್ನು ಅಲ್ಲಿಗೆ ಕೊಟ್ಟಿದ್ದಾರೆ. ಗಂಡ ದ್ರಾಕ್ಷಿ ತೋಟಗಳಲ್ಲಿ ಔಷಧಿ ಹೊಡೆಯುವ ಟ್ರ್ಯಾಕ್ಟರ್ ನಡೆಸುತ್ತಾನೆ. ಅವಳು ಮನೆಯ ಮುಂದಿನ ಖೋಲಿಯಲ್ಲಿ ಜಂಪರು-ರವಿಕೆ ಹೊಲಿಯುತ್ತಾಳೆ. ಮಷಿನ್ನಿಗೆ ಮೋಟರು ಹಾಕಿಸಿದ್ದಳು. ಬಲಗಾಲಿಂದ ತುಳಿಯಲು ಆಗುವುದಿಲ್ಲ. ನನ್ನನ್ನು ಕಂಡು ಖುಷಿಯಿಂದ ಎದ್ದಳು — ಮೊದಲು ಎಡಗಾಲು ಊರಿ, ಬಾಗಿಲ ಚೌಕಟ್ಟು ಹಿಡಿದು.

“ಟೀಚರ್ ಬಂದಾರ! ಬರ್ರಿ, ಕುಂಡರ್ರಿ. ಚಾ ಇಡ್ತೀನಿ.”

“ಬ್ಯಾಡ ಮಾಯವ್ವ. ಮೊದಲ ಕೇಳು. ಆಮ್ಯಾಲ ಚಾ ಕೊಡೂದೋ ಬಿಡೂದೋ ನೀನ ನೋಡು.”

ಹೇಳಿದೆ. ನಿಂತುಕೊಂಡೇ ಹೇಳಿದೆ. ಹೇಳಲು ಬಹಳ ಹೊತ್ತು ಹಿಡಿಯಲಿಲ್ಲ; ಹನ್ನೊಂದು ವರ್ಷ ಬಚ್ಚಿಟ್ಟದ್ದು ನಾಲ್ಕು ಮಾತಿನಲ್ಲಿ ಮುಗಿಯಿತು. ಕಾಗದವನ್ನು ಅವಳ ಕೈಗೆ ಕೊಟ್ಟೆ. ಅವಳು ಅದನ್ನು ಬಿಚ್ಚಿ ನೋಡಿ ಮಷಿನ್ನಿನ ಮೇಲೆ ಇಟ್ಟಳು. ಅಳಲಿಲ್ಲ. ಬೈಯಲಿಲ್ಲ.

“ಡಾಕ್ಟರ್ ಏನಂದಿದ್ರು? ಅವರ ಮಾತಿನ್ಯಾಗ ಹೇಳ್ರಿ. ಈಗ ನನಗೂ ಮರಾಠಿ ಬರ್ತೈತಿ.”

ಹೇಳಿದೆ. ಒಂದೊಂದು ಶಬ್ದವೂ ನೆನಪಿತ್ತು.

ಅವಳು ನನ್ನನ್ನೇ ನೋಡಿದಳು. “ಆರ ತಿಂಗಳಾ?” ಎಂದಳು. ಮತ್ತೆ, ಮೆಲ್ಲಗೆ: “ಬರೇ ಆರ ತಿಂಗಳಾ, ಟೀಚರ್?”

“ಆರ ತಿಂಗಳ” ಎಂದೆ.

ಆಮೇಲೆ ಅವಳು ಮಾತಾಡಿದಳು, ಏರುದನಿ ಇಲ್ಲದೆ. “ನಾ ಏನ ತಿಳ್ಕೊಂಡಿದ್ದೆ ಗೊತ್ತೈತೇನ್ರಿ? ನಂದ ತಪ್ಪು ಅಂತ. ನೀವು ಕಲಿಸಿದ್ದು ನನಗ ಬರಲಿಲ್ಲ, ನಿಮ್ಮ ಹೆಸರು ಕೆಡಿಸಿದೆ ಅಂತ. ಅವ್ವ ಇವತ್ತಿಗೂ ಅಂತಾಳ — ಅಕ್ಕೋರು ಅಷ್ಟ ಜ್ವಾಕಿ ಮಾಡಿದ್ರು, ನೀನ ಗರ್ವ ಮಾಡಿ ಬಿದ್ದಿ ಅಂತಾಳ. ನಾನೂ ಹೌದ ಅಂತ ಸುಮ್ಮಕಾಗ್ತಿದ್ದೆ.”

“ತಪ್ಪಾತು ಮಾಯವ್ವ” ಎಂದೆ.

“ನನ್ನ ಒಬ್ಬಾಕಿ ಮುಂದ ಅಂದ್ರ ಸಾಲೂದಿಲ್ರಿ. ಮೊದಲ ನಮ್ಮವ್ವಗ ಹೇಳ್ರಿ. ಆಮ್ಯಾಲ ಸಾಲ್ಯಾಗ ಹೇಳ್ರಿ, ಎಲ್ಲಾರ ಮುಂದ. ಬರದೂ ಇಡ್ರಿ. ನನ್ನ ಹೆಸರ ಅಲ್ಲಿ ಕೆಟ್ಟೈತಿ. ಅದನ್ನ ನೀವ ಕೆಡಿಸೀರಿ, ನೀವ ತೊಳೀಬೇಕು.”

ಚಹಾ ಕೊಡಲಿಲ್ಲ. ಸರಿಯಾಗಿಯೇ ಮಾಡಿದಳು. ನಾನು ಹೊರಡುವಾಗ ಅವಳು ಮತ್ತೆ ಮಷಿನ್ನಿನ ಮುಂದೆ ಕೂತು, ಅರ್ಧಕ್ಕೆ ನಿಂತಿದ್ದ ತೋಳನ್ನು ಹೊಲಿಯತೊಡಗಿದಳು.

ಬಾಳವ್ವನ ವಸ್ತಿಗೆ ಆ ವಾರವೇ ಹೋದೆ. ಅವಳಿಗೆ ಈಗ ಕಣ್ಣು ಮಂಜು. ಪೂರ್ತಿ ಕೇಳಿದಳು. ಕೇಳುತ್ತ ಕೇಳುತ್ತ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನನ್ನನ್ನು ಬೈದರೆ ಚೆನ್ನಾಗಿತ್ತು. ಹೇಳಿದ್ದು ಒಂದೇ ಮಾತು —

“ಅಲ್ಲಿ ನಮ್ಮ ಕಿವಿ ನೀವ ಆಗಿದ್ರಲ್ಲ ಅಕ್ಕೋರ.”

ಎದ್ದು ಒಳಗೆ ಹೋದಳು. ಒಳಗಿಂದ ಫೋನಿನಲ್ಲಿ ಮಗಳ ಜೊತೆ ಮಾತಾಡುವ ದನಿ ಕೇಳಿತು. “ಯವ್ವಾ, ನಿಂದೇನೂ ತಪ್ಪಿಲ್ಲಂತ... ನಿಂದೇನೂ ಇರಲಿಲ್ಲಂತ...” ಎಂದು ಅಳುತ್ತಿದ್ದಳು. ಆ ಅಳು ಕೇಳುವ ಹಕ್ಕು ನನಗಿರಲಿಲ್ಲ. ಹೊರಬಂದೆ.

ಶಾಲೆಯಲ್ಲಿ ಪ್ರಾರ್ಥನೆ ಮುಗಿದ ಮೇಲೆ ಮೈಕ್ ಕೇಳಿ ಪಡೆದು ಹೇಳಿದೆ. ಹೆಡ್ ಮಾಸ್ತರರು ವಾಲಿಬಾಲಿನ ಸೂಚನೆ ಇರಬೇಕು ಎಂದುಕೊಂಡಿದ್ದರು. ಇಡೀ ಶಾಲೆ ಬಿಸಿಲಿನಲ್ಲಿ ನಿಂತು ಕೇಳಿತು. ಕೊನೆಗೆ, “ನಾನು ನಿಮಗೆಲ್ಲ ಮಾಯವ್ವನ ಹಾಗೆ ಇಳಿಯಬೇಡಿ ಎಂದು ಕಲಿಸಿದೆ. ಮಾಯವ್ವ ಸರಿಯಾಗಿಯೇ ಇಳಿದಿದ್ದಳು. ಹರಿದ ಕಾಲಿನ ಮೇಲೆ ಅವಳನ್ನು ಜಿಗಿಸಿದ್ದು ನಾನು” ಎಂದೆ. ಸಾಲಿನಲ್ಲಿದ್ದ ಸಾನಿಕಾ ನನ್ನನ್ನು ನೆಟ್ಟ ಕಣ್ಣಿನಿಂದ ನೋಡುತ್ತಿದ್ದಳು.

ಅಂದಿನಿಂದ ಶುರುವಾಯಿತು. ಸಮಾಧಾನ ಹೇಳುವವರದೇ ದೊಡ್ಡ ಕಾಟ. ‘ಆಗ ಎಲ್ಲರೂ ಹಂಗೇ ಮಾಡ್ತಿದ್ದರು.’ ಎಲ್ಲರೂ ಮಾಡಿರಬಹುದು. ಮಿರಜಿನಲ್ಲಿ ಆ ಖೋಲಿಯಲ್ಲಿ ಎಲ್ಲರೂ ಇರಲಿಲ್ಲ, ನಾನಿದ್ದೆ. ‘ನಿಮ್ಮ ನೌಕರಿಯ ಪ್ರಶ್ನೆ ಇತ್ತಲ್ಲ.’ ಇತ್ತು. ಅವಳ ಕಾಲಿನ ಪ್ರಶ್ನೆಯೂ ಇತ್ತು. ನಾನು ನನ್ನದನ್ನು ಆರಿಸಿಕೊಂಡೆ. ‘ಹುಡುಗಿಗೂ ಆಡುವ ಆಸೆ ಇತ್ತು.’ ಇತ್ತು! ಹದಿನಾರು ವರ್ಷದವರಿಗೆ ಆಸೆ ಇರುವುದಕ್ಕೇ ಪಕ್ಕದಲ್ಲಿ ಒಬ್ಬ ದೊಡ್ಡವರು ಬೇಕಾಗುವುದು. ಅವರ ಆಸೆಯನ್ನೇ ಹಗ್ಗ ಮಾಡಿ ಎಳೆಯುವುದಕ್ಕೆ ಕೋಚ್ ಯಾಕೆ?

ಅಕ್ಕಪಕ್ಕದ ತಾಲೂಕುಗಳ ಕೋಚುಗಳು ಫೋನ್ ಮಾಡಿದರು. ಇಬ್ಬರು ಬೈದರು. ಒಬ್ಬರು — ಹೆಸರು ಹೇಳುವುದಿಲ್ಲ — “ನನ್ನ ಕಡೆನೂ ಇಂಥಾದ್ದೊಂದು ಐತಿ ಟೀಚರ್” ಎಂದು ಫೋನ್ ಇಟ್ಟರು. ಅವರಿಗೆ ಇಲ್ಲಿಂದಲೇ ಹೇಳುತ್ತೇನೆ: ಇಟ್ಟುಕೊಂಡು ಕೂರಬೇಡಿ. ಹೋಗಿ. ಚಹಾ ಸಿಗುವುದಿಲ್ಲ, ಆದರೂ ಹೋಗಿ.

ಈಗ ನಮ್ಮ ಮೈದಾನದಲ್ಲಿ ಕೆಲವು ಮಾತುಗಳು ಬದಲಾಗಿವೆ. ಡಾಕ್ಟರ ಹತ್ತಿರ ಹೋದರೆ ಹುಡುಗಿಗೂ ಮನೆಯವರಿಗೂ ತಿಳಿಯುವ ಭಾಷೆಯಲ್ಲೇ ಮಾತಾಗಬೇಕು. ನಡುವೆ ಮಾತು ದಾಟಿಸುವವರು ಬೇಕಾದರೆ ಅದು ನಾನಲ್ಲ, ಮನೆಯವರು ಆರಿಸಿದವರು. ಕಾಗದ ಅವರ ಕೈಯಲ್ಲಿರುತ್ತದೆ. ನೋಯುತ್ತಿದೆ ಎಂದು ಹುಡುಗಿ ಹೇಳಿದರೆ ಅಲ್ಲಿಗೆ ಮುಗಿಯಿತು, ‘ಎಷ್ಟು ನೋಯುತ್ತದೆ, ಸ್ವಲ್ಪವೋ ಬಹಳವೋ’ ಎಂದು ಚೌಕಾಸಿ ಮಾಡುವಂತಿಲ್ಲ. ತಂಡದ ಕ್ಯಾಪ್ಟನ್ನಿಗೆ ನನ್ನನ್ನು ತಡೆಯುವ ಅಧಿಕಾರ ಕೊಟ್ಟಿದ್ದೇನೆ. ಮೊದಲ ವಾರ ಅವಳಿಗೆ ಬಾಯೇ ಬರಲಿಲ್ಲ. ಮೂರನೇ ವಾರ, ನಾನು ಒಬ್ಬಳಿಗೆ ದನಿಯೇರಿಸಿದಾಗ, “ಟೀಚರ್, ಹಂಗ ಅನಬ್ಯಾಡ್ರಿ ಆಕಿಗೆ” ಎಂದಳು. ನನಗೆ ಸಿಟ್ಟು ಬಂತು. ನಿಜವಾಗಿಯೂ ಬಂತು. ನುಂಗಿಕೊಂಡೆ.

ಚಿಕ್ಕೋಡಿಯಲ್ಲಿ ಈ ಸಲದ ಸೆಮಿಫೈನಲ್. ಸಾನಿಕಾಳ ಕಾಲು ಇನ್ನೂ ಗುಣವಾಗಿರಲಿಲ್ಲ. ಡಾಕ್ಟರು ಇನ್ನೂ ಮೂರು ವಾರ ಎಂದು ಅವಳ ತಂದೆತಾಯಿಗೇ ನೇರ ಹೇಳಿದ್ದರು. ಆದರೂ ಪಂದ್ಯದ ದಿನ ತಂದೆ ಅಂಕಣದ ಹತ್ತಿರ ಬಂದ.

“ಟೀಚರ್, ಬ್ಯಾಂಡೇಜ್ ಕಟ್ಟಿ ಆಡಸ್ರಿ. ನಾ ಅಪ್ಪ ಇದ್ದೀನಿ, ನಾ ಹೇಳಾಕತ್ತೀನಿ.”

“ನೀವ ಅಪ್ಪ ಇದ್ದೀರಿ ಅಂತನ ಹೇಳ್ತೀನ್ರಿ. ಆಡಸೂದಿಲ್ಲ.”

“ಸೋತ್ರ?”

“ಸೋಲ್ತೀವಿ.”

ಸೋತೆವು. ಮೂರು ನೇರ ಸೆಟ್ಟುಗಳಲ್ಲಿ. ಸಾನಿಕಾ ಬೆಂಚಿನ ಮೇಲೆ ಕೂತು ಅತ್ತಳು. ಬಸ್ಸಿನಲ್ಲಿ ನನ್ನ ಪಕ್ಕಕ್ಕೆ ಬಂದು, “ನನಗ ನಿಮ್ಮ ಮ್ಯಾಲ ಸಿಟ್ಟ ಐತ್ರಿ” ಎಂದಳು. “ಇರಲಿ” ಎಂದೆ. “ನಿನ್ನ ಸಿಟ್ಟ ನಿನ್ನ ಕಡೆ ಇರಲಿ. ನಿನ್ನ ಕಾಲೂ ನಿನ್ನ ಕಡೆ ಇರಲಿ.” ಅವಳು ಮುಖ ತಿರುಗಿಸಿ ಕಿಟಕಿಯ ಹೊರಗೆ ನೋಡುತ್ತ ಕೂತಳು. ಅವಳು ನನ್ನನ್ನು ಮೆಚ್ಚಬೇಕಾಗಿಲ್ಲ. ಇದು ಮೆಚ್ಚುಗೆಯ ಕೆಲಸ ಅಲ್ಲ.

ಸೋತ ಮೇಲೆ ಆಡಳಿತ ಮಂಡಳಿಯವರು ಕರೆದರು. ಹಳೆಯ ಚೇರ್ಮನ್ನರು ಈಗಿಲ್ಲ. ಅವರ ಕುರ್ಚಿಯಲ್ಲಿ ಅವರ ಮಗ. ಒಳ್ಳೆಯ ಮಾತಿನವರು. “ಟೀಚರ್, ಹಳೇದ್ಯಾಕ ಕೆದರಾಕತ್ತೀರಿ? ನಿಮ್ಮನ್ನ ಉಳಸಬೇಕಂತನ ಕುಂತೀವಿ ನಾವು” ಎಂದು ಒಂದು ಹಾಳೆಯನ್ನು ನನ್ನ ಮುಂದೆ ಸರಿಸಿದರು. ನನ್ನ ಮೇಲೆ ಅವರು ನಡೆಸಲಿರುವ ವಿಚಾರಣೆಗೆ ನಾನು ಕೊಡಬೇಕಾದ ಹೇಳಿಕೆ, ಅವರೇ ಟೈಪ್ ಮಾಡಿಸಿದ್ದರು. ನಾನು ಸಹಿ ಮಾಡಿದರೆ ವಿಷಯ ಮುಗಿಯುತ್ತದೆ. ಮಾಡದಿದ್ದರೆ ನೌಕರಿಯ ಮಾತು ಬರುತ್ತದೆ. ಹಾಳೆಯಲ್ಲಿ ಹೀಗಿತ್ತು: “ಅಂದಿನ ಕ್ರೀಡಾ ಪದ್ಧತಿಗೆ ಅನುಸಾರವಾಗಿ, ಅನುಭವದ ಕೊರತೆಯಿಂದ, ಅರಿವಿಲ್ಲದೆ ಸಂಭವಿಸಿದ ಪ್ರಮಾದಕ್ಕೆ ವಿಷಾದಿಸುತ್ತೇನೆ.”

ಎರಡು ಸಲ ಓದಿದೆ. ಎಷ್ಟು ಮೆತ್ತಗಿನ ವಾಕ್ಯ. ಅದರೊಳಗೆ ತಲೆಯಿಟ್ಟು ಮಲಗಿಬಿಡಬಹುದಿತ್ತು.

ಪೆನ್ನು ಕೇಳಿ ತೆಗೆದುಕೊಂಡೆ. ‘ಅಂದಿನ ಕ್ರೀಡಾ ಪದ್ಧತಿಗೆ ಅನುಸಾರವಾಗಿ’ ಎಂಬುದನ್ನು ಹೊಡೆದೆ. ‘ಅನುಭವದ ಕೊರತೆಯಿಂದ’ ಎಂಬುದನ್ನೂ ಹೊಡೆದೆ. ‘ಅರಿವಿಲ್ಲದೆ’ ಎಂಬಲ್ಲಿ ‘ಅರಿತು’ ಎಂದು ಬರೆದೆ. ‘ಸಂಭವಿಸಿದ ಪ್ರಮಾದಕ್ಕೆ’ ಎಂಬುದನ್ನು ಹೊಡೆದು ‘ನಾನು ಮಾಡಿದ ತಪ್ಪಿಗೆ’ ಎಂದು ಬರೆದೆ. ಕೆಳಗೆ ಸಹಿ ಮಾಡಿ, ಹಾಳೆಯನ್ನು ಅವರ ಕಡೆಗೆ ಸರಿಸಿದೆ. ಪ್ರಾಕ್ಟೀಸಿಗೆ ಹೊತ್ತಾಗಿತ್ತು, ಎದ್ದು ಮೈದಾನಕ್ಕೆ ಹೋದೆ.